ಮಂಗಗಳಿಗೂ ಡೆಂಗಿ ಬರುತ್ತದೆಯೇ? ಬಂದರೆ ಅವು ಯಾಕೆ ಸಾಯುವುದಿಲ್ಲ?

ತೋಟದಮನೆ:

ನಮಸ್ಕಾರ ಎಲ್ಲರಿಗೂ. ನಾವು ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟ ಇದೆ. ಕಳೆದ ತಿಂಗಳು ಮಗಳಿಗೆ ಡೆಂಗಿ ಆಯಿತು. ಐದು ದಿನ ಜ್ವರ. ಜ್ವರ ಬಿಟ್ಟಿತು ಅಂತ ನಾವು ಉಸಿರು ಬಿಟ್ಟ ದಿನವೇ ಪ್ಲೇಟ್ಲೆಟ್ ಇಳಿಯಿತು, ಆಸ್ಪತ್ರೆಗೆ ಸೇರಿಸಿದೆವು, ಅಲ್ಲಿ ನಾಲ್ಕು ದಿನ. ಈಗ ಮನೆಗೆ ಬಂದಿದ್ದಾಳೆ. ಊಟ ಮಾಡುತ್ತಾಳೆ, ಆದರೆ ಮೆಟ್ಟಿಲು ಹತ್ತಿದರೆ ಈಗಲೂ ಸುಸ್ತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ತೋಟಕ್ಕೆ ದಿನಾ ಮಂಗಗಳ ಹಿಂಡು ಬರುತ್ತದೆ. ಬಾಳೆ, ಪೇರಲೆ, ಎಳೆ ಅಡಿಕೆ ಯಾವುದನ್ನೂ ಬಿಡುವುದಿಲ್ಲ. ಪಕ್ಕದ ತೋಟದವರು ಈಗ ಒಂದೇ ಮಾತು ಹಿಡಿದಿದ್ದಾರೆ: ಡೆಂಗಿ ತಂದದ್ದೇ ಈ ಮಂಗಗಳು, ಹಿಡಿಯುವವರನ್ನು ಕರೆಸಿ ದೂರದ ಕಾಡಿಗೆ ಬಿಡಿಸೋಣ, ಖರ್ಚು ಹಂಚಿಕೊಳ್ಳೋಣ ಅಂತ. ಊರಲ್ಲಿ ಮಂಗನ ಕಾಯಿಲೆಯ ಹೆದರಿಕೆ ಮೊದಲಿಂದ ಇದೆ, ಹಾಗಾಗಿ ಯಾರೂ ಅವರ ಮಾತನ್ನು ತಳ್ಳಿಹಾಕುತ್ತಿಲ್ಲ. ನನ್ನ ಅಪ್ಪನೂ ಹೇಳುತ್ತಿದ್ದರು, ಮಂಗ ಸತ್ತು ಬಿದ್ದ ಕಡೆ ದರಕು (ಒಣಗಿ ಬಿದ್ದ ಎಲೆ) ತರಲು ಹೋಗಬೇಡಿ ಅಂತ.

ಆದರೆ ನನಗೆ ಒಂದು ವಿಷಯ ಹೊಂದುತ್ತಿಲ್ಲ. ಈ ಮಳೆಗಾಲದಲ್ಲಿ ನಮ್ಮ ಕೇರಿಯಲ್ಲೇ ಆರು ಜನಕ್ಕೆ ಡೆಂಗಿ ಬಂತು, ಒಂದು ಮಂಗವೂ ಸತ್ತದ್ದನ್ನು ನಾನು ನೋಡಲಿಲ್ಲ. ಸಪ್ಪೆಯಾಗಿ ಕೂತದ್ದನ್ನೂ ನೋಡಲಿಲ್ಲ. ಡೆಂಗಿ ವೈರಸ್ ಮಂಗದ ಮೈಗೆ ಹೋದರೆ ಏನಾಗುತ್ತದೆ? ನಮ್ಮ ಹಾಗೆ ಜ್ವರ, ಮೈಕೈ ನೋವು, ರಕ್ತ ಇಳಿಯುವುದು ಎಲ್ಲ ಇರುತ್ತದೆಯೇ? ಅವುಗಳಿಂದ ನಮಗೆ ಬರುತ್ತದೆಯೇ? ತಿಳಿದವರು ಬಿಡಿಸಿ ಹೇಳಿ. ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಇನ್ನೊಂದು ವಾರದಲ್ಲಿ ಹಿಡಿಯುವವರಿಗೆ ಹೂಂ ಅಥವಾ ಬೇಡ ಹೇಳಬೇಕಾಗಿದೆ.

ಲ್ಯಾಬಿನವಳು:

ಮಗಳು ಮನೆಗೆ ಬಂದದ್ದು ಓದಿ ಸಮಾಧಾನ ಆಯಿತು. ಡೆಂಗಿ ಆದ ಮೇಲೆ ಸುಸ್ತು ಕೆಲವು ವಾರ ಇರುವುದು ಉಂಟು, ಆದರೂ ಮುಂದಿನ ಸಲ ತೋರಿಸಲು ಹೋದಾಗ ಈ ಮೆಟ್ಟಿಲಿನ ವಿಷಯ ಡಾಕ್ಟರಿಗೆ ಹೇಳಿ.

ನಾನು ಕೆಲವು ವರ್ಷ ವೈರಸ್ ಲ್ಯಾಬಿನಲ್ಲಿ ಕೆಲಸ ಮಾಡಿದ್ದೇನೆ. ಮಂಗಗಳ ಮೇಲೆ ನಾನೇ ಪ್ರಯೋಗ ಮಾಡಿದವಳಲ್ಲ, ಆದರೆ ಈ ವಿಷಯ ತುಂಬಾ ಓದಿದ್ದೇನೆ, ಮನಸ್ಸಿಗೆ ಹತ್ತಿರದ್ದೂ ಹೌದು. ಸ್ವಲ್ಪ ಉದ್ದ ಬರೆಯುತ್ತೇನೆ.

ಮಂಗಗಳಿಗೆ ಡೆಂಗಿ ಬರುತ್ತದೆ. ಆದರೆ ನಿಮ್ಮ ಮಗಳಿಗೆ ಬಂದ ಹಾಗಲ್ಲ. ವೈರಸ್ ಒಳಗೆ ಹೋಗುತ್ತದೆ, ಹೆಚ್ಚುತ್ತದೆ, ಕೆಲವು ದಿನ ರಕ್ತದಲ್ಲಿ ಓಡಾಡುತ್ತದೆ, ಖಾಲಿಯಾಗುತ್ತದೆ. ಮಂಗ ಆ ದಿನಗಳಲ್ಲೂ ಮರ ಹತ್ತಿಕೊಂಡು, ಹಣ್ಣು ತಿಂದುಕೊಂಡು ಇರುತ್ತದೆ. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ.

ಇದು ಗೊತ್ತಾದದ್ದು ಇವತ್ತು ನಿನ್ನೆ ಅಲ್ಲ. ಫಿಲಿಪ್ಪೀನ್ಸ್‌ನಲ್ಲಿ ಅಮೆರಿಕದ ಸೇನೆಯ ವೈದ್ಯರು, ಸಿಮನ್ಸ್ ಮತ್ತು ಅವರ ಜೊತೆಗಾರರು, 1931ರಲ್ಲೇ ಇದನ್ನು ಬರೆದಿಟ್ಟರು. ಆಗ ಡೆಂಗಿ ವೈರಸ್ಸನ್ನು ಯಾರೂ ಬೇರ್ಪಡಿಸಿರಲಿಲ್ಲ, ಅದು ಆದದ್ದು 1943ರಲ್ಲಿ ಜಪಾನಿನಲ್ಲಿ. ಹಾಗಾಗಿ ಅವರ ಹತ್ತಿರ ಇದ್ದ ಪರೀಕ್ಷೆ ಒಂದೇ, ಮನುಷ್ಯನ ಮೈ. ಒಪ್ಪಿ ಮುಂದೆ ಬಂದ ಸೈನಿಕರ ಮೇಲೆ ನೋಡುತ್ತಿದ್ದರು. ಡೆಂಗಿ ಹತ್ತಿಸಿದ ಮಂಗಗಳು ಗಟ್ಟಿಮುಟ್ಟಾಗಿಯೇ ಇದ್ದವು, ಆದರೆ ಅವುಗಳ ರಕ್ತದಲ್ಲಿ ಮನುಷ್ಯರಿಗೆ ಜ್ವರ ತರುವ ವಸ್ತು ಇತ್ತು. ಆ ಕಾಲಕ್ಕೆ ಇದು ಎಷ್ಟು ದೊಡ್ಡ ಮಾತು ಯೋಚಿಸಿ. ಕಾಯಿಲೆಯೇ ಕಾಣದ ಪ್ರಾಣಿಯೊಳಗೆ ಕಾಯಿಲೆಯ ಬೀಜ ಇದೆ ಅಂತ.

ಒಳಗೆ ದಿನದಿನಕ್ಕೆ ಏನಾಗುತ್ತದೆ ಅನ್ನುವುದು ಚೆನ್ನಾಗಿ ಬಿಚ್ಚಿಕೊಂಡದ್ದು 1973ರ ಸುಮಾರಿಗೆ. ಸ್ಕಾಟ್ ಹಾಲ್‌ಸ್ಟೆಡ್, ಮಾರ್ಷೆಟ್ ಮತ್ತು ಅವರ ತಂಡ ನೂರಕ್ಕೂ ಜಾಸ್ತಿ ರೀಸಸ್ ಮಂಗಗಳಿಗೆ ಡೆಂಗಿಯ ನಾಲ್ಕು ಬಗೆಗಳನ್ನು (ಡೆಂಗಿ 1ರಿಂದ 4) ಚರ್ಮದ ಕೆಳಗೆ ಚುಚ್ಚಿ ನೋಡಿದರು. (ರೀಸಸ್ ಅಂದರೆ ಉತ್ತರ ಭಾರತದ ಕೆಂಪು ಮೂತಿಯ ಮಂಗ. ನಮ್ಮ ಕಡೆ ತಲೆ ಮೇಲೆ ಟೋಪಿ ಇಟ್ಟ ಹಾಗೆ ಕೂದಲಿರುವ ಮಂಗದ ದಾಯಾದಿ. 1978ರಲ್ಲಿ ನಮ್ಮ ಸರ್ಕಾರ ರಫ್ತು ನಿಲ್ಲಿಸುವ ತನಕ ಅಮೆರಿಕದ ಲ್ಯಾಬುಗಳಿಗೆ ಈ ಮಂಗಗಳು ಸಾವಿರಗಟ್ಟಲೆ ಇಲ್ಲಿಂದಲೇ ಹೋಗುತ್ತಿದ್ದವು. ಆ ಮೂಕ ಪ್ರಾಣಿಗಳ ಋಣ ನಮ್ಮೆಲ್ಲರ ಮೇಲೂ ಇದೆ ಅಂತ ನನಗೆ ಯಾವಾಗಲೂ ಅನಿಸುತ್ತದೆ.)

ಅವರಿಗೆ ಕಂಡದ್ದು ಹೀಗೆ. ಮೊದಲ ಒಂದೆರಡು ದಿನ ರಕ್ತದಲ್ಲಿ ಏನೂ ಸಿಗುವುದಿಲ್ಲ. ವೈರಸ್ ಚುಚ್ಚಿದ ಜಾಗದ ಚರ್ಮದಲ್ಲಿ, ಅದಕ್ಕೆ ಹತ್ತಿರದ ಹಾಲುಗಡ್ಡೆಯಲ್ಲಿ (ದುಗ್ಧಗ್ರಂಥಿ, ಲಿಂಫ್ ನೋಡ್) ಇರುತ್ತದೆ. ಚರ್ಮದಲ್ಲಿ ಕಾವಲು ಕಾಯುವ ಬಿಳಿ ಕಣಗಳೇ ಅದನ್ನು ಹೊತ್ತುಕೊಂಡು ಹಾಲುಗಡ್ಡೆಗೆ ಹೋಗುತ್ತವೆ, ನಮ್ಮಲ್ಲೂ ಹಾಗೆಯೇ. ಎರಡರಿಂದ ಆರನೇ ದಿನದೊಳಗೆ ವೈರಸ್ ರಕ್ತಕ್ಕೆ ಬರುತ್ತದೆ. ಮೂರರಿಂದ ಆರು ದಿನ ಅಲ್ಲಿರುತ್ತದೆ. ಕುತೂಹಲದ ವಿಷಯ ಇದರ ನಂತರ: ರಕ್ತದಿಂದ ಮಾಯವಾಗುವ ಹೊತ್ತಿಗೆ ಅದು ಮೈಯ ಬೇರೆ ಬೇರೆ ಕಡೆಯ ಚರ್ಮದಲ್ಲಿ, ಹಾಲುಗಡ್ಡೆಗಳಲ್ಲಿ ಹರಡಿಕೊಂಡಿತ್ತು. ಅಂದರೆ ರಕ್ತ ಪರೀಕ್ಷೆ ಮಾಡಿದರೆ ಇಲ್ಲ ಅನ್ನಬೇಕು, ಆದರೆ ಮೈಯಲ್ಲಿ ಇನ್ನೂ ಇದೆ. ಆಮೇಲೆ ಪ್ರತಿಕಾಯಗಳು ಏರುತ್ತವೆ, ವೈರಸ್ ಪೂರ್ತಿ ಹೋಗುತ್ತದೆ, ಆ ಬಗೆಯ ಡೆಂಗಿ ಆ ಮಂಗಕ್ಕೆ ಮತ್ತೆ ತಾಗುವುದಿಲ್ಲ.

ಹೊರಗೆ ಕಾಣುವ ಲಕ್ಷಣ? ಹಾಲುಗಡ್ಡೆ ಸ್ವಲ್ಪ ಊದುತ್ತದೆ. ಕೆಲವಕ್ಕೆ ಬಿಳಿ ರಕ್ತಕಣ ಸ್ವಲ್ಪ ಇಳಿಯುತ್ತದೆ. ಅಷ್ಟೇ. ಇನ್ನು ಜ್ವರ, ಮಂಗದ ಮೈಬಿಸಿಯೇ ನಮಗಿಂತ ಜಾಸ್ತಿ, ಹಗಲು ರಾತ್ರಿಗೆ ಏರಿಳಿಯುತ್ತದೆ, ಹಿಡಿಯಲು ಹೋದರೆ ಗಾಬರಿಗೆ ಇನ್ನೂ ಏರುತ್ತದೆ. ಹಾಗಾಗಿ ಚಿಕ್ಕ ಜ್ವರ ಇದ್ದರೂ ಗೊತ್ತಾಗುವುದು ಕಷ್ಟ.

ವ್ಯತ್ಯಾಸದ ಬುಡ ಇರುವುದು ವೈರಸ್ಸಿನ ಪ್ರಮಾಣದಲ್ಲಿ. ಡೆಂಗಿ ಬಂದ ಮನುಷ್ಯನ ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ ಹತ್ತು ಲಕ್ಷ ದಾಟುವುದು, ಕೋಟಿ ಮುಟ್ಟುವುದು ಸಾಮಾನ್ಯ. ಮಕಾಕ್ ಜಾತಿಯ ಮಂಗಗಳಲ್ಲಿ (ರೀಸಸ್, ನಮ್ಮ ಕಡೆಯ ಮಂಗ ಎಲ್ಲ ಇದೇ ಜಾತಿ) ಅದು ನೂರು, ಸಾವಿರ, ಜಾಸ್ತಿ ಅಂದರೆ ಹತ್ತು ಸಾವಿರದ ಆಸುಪಾಸಿನಲ್ಲೇ ನಿಲ್ಲುತ್ತದೆ.

ಯಾಕೆ ಅಲ್ಲೇ ನಿಲ್ಲುತ್ತದೆ ಅನ್ನುವುದಕ್ಕೆ 2018ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಒಂದು ಒಳ್ಳೆಯ ಸುಳಿವು ಕೊಟ್ಟರು. ನಮ್ಮ ಜೀವಕೋಶದೊಳಗೆ ಸ್ಟಿಂಗ್ ಅಂತ ಒಂದು ಪ್ರೋಟೀನ್ ಇದೆ. ವೈರಸ್ ಬಂತು ಅಂತ ಕೂಗು ಹಾಕುವ ಕೆಲಸ ಅದರದ್ದು. ಕೂಗು ಕೇಳಿ ಕೋಶ ಇಂಟರ್‌ಫೆರಾನ್ ತಯಾರಿಸುತ್ತದೆ, ಅದು ವೈರಸ್ಸನ್ನು ಅದುಮುತ್ತದೆ. ಡೆಂಗಿ ವೈರಸ್ಸಿನ ಹತ್ತಿರ ಒಂದು ಕತ್ತರಿ ಇದೆ, ಅದು ಮನುಷ್ಯರ ಸ್ಟಿಂಗನ್ನು ಕತ್ತರಿಸಿ ಹಾಕುತ್ತದೆ. ಕೂಗು ಹಾಕುವವನೇ ಇಲ್ಲ. ಆದರೆ ಅದೇ ಕತ್ತರಿಗೆ ಮಂಗಗಳ ಸ್ಟಿಂಗನ್ನು ಕತ್ತರಿಸಲು ಆಗುವುದಿಲ್ಲ. ಪ್ರೋಟೀನಿನ ಸರಪಳಿಯಲ್ಲಿ ಎರಡು ಕೊಂಡಿ ಬೇರೆ ಇದೆ, ಅಷ್ಟಕ್ಕೇ ಕತ್ತರಿ ಕೂರುವುದಿಲ್ಲ. ಕತ್ತರಿ ಕೂರುವುದು ಮನುಷ್ಯರಿಗೆ ಮತ್ತು ನಮಗೆ ತೀರಾ ಹತ್ತಿರದ ಕೆಲವೇ ವಾನರ ಜಾತಿಗಳಿಗೆ. ಆ ಎರಡು ಕೊಂಡಿಯನ್ನು ಮನುಷ್ಯರ ಹಾಗೆ ಬದಲಿಸಿ ನೋಡಿದಾಗ ಮಂಗಗಳ ಸ್ಟಿಂಗ್ ಕೂಡ ಕತ್ತರಿಗೆ ಸಿಕ್ಕಿತು. ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಎಲ್ಲ ಮಂಗಗಳೂ ಒಂದೇ ಅಲ್ಲ ಅನ್ನುವುದನ್ನೂ ಸೇರಿಸಬೇಕು. ಬ್ರೆಜಿಲ್ ಕಡೆಯ ಮಾರ್ಮೊಸೆಟ್ ಅಂತ ಅಂಗೈಯಗಲದ ಮಂಗ ಇದೆ. ಜಪಾನಿನವರು 2011ರಲ್ಲಿ ತೋರಿಸಿದ ಹಾಗೆ ಅದರ ರಕ್ತದಲ್ಲಿ ವೈರಸ್ ಮಕಾಕ್‌ಗಿಂತ ಎಷ್ಟೋ ಪಟ್ಟು ಏರುತ್ತದೆ, ಜ್ವರವೂ ಬರುತ್ತದೆ, ರಕ್ತಕಣಗಳೂ ಇಳಿಯುತ್ತವೆ. ಚಿಂಪಾಂಜಿಗಳಿಗೆ 1970ರ ದಶಕದಲ್ಲಿ ಹತ್ತಿಸಿ ನೋಡಿದ್ದರು, ರಕ್ತಕ್ಕೆ ವೈರಸ್ ಬಂತು, ಕಾಯಿಲೆ ಬೀಳಲಿಲ್ಲ.

ಕಾಡಿನಲ್ಲಿ_ಒಂದಿಷ್ಟು:

ಲ್ಯಾಬಿನವಳು ಮೇಡಂ, ಒಂದು ಸಂದೇಹ. ಮಂಗಗಳಲ್ಲಿ ರಕ್ತಸ್ರಾವ ಆಗುವ ಡೆಂಗಿಯನ್ನೂ ತರಿಸಿದ್ದಾರೆ ಅಂತ ಎಲ್ಲೋ ಓದಿದ ನೆನಪು. ಹಾಗಾದರೆ ಏನೂ ಆಗುವುದಿಲ್ಲ ಅನ್ನುವುದು ಪೂರ್ತಿ ಸರಿಯೇ?

ಲ್ಯಾಬಿನವಳು:

ಸರಿಯಾಗಿ ಹಿಡಿದಿರಿ. 2010ರಲ್ಲಿ ಬಂದ ಕೆಲಸ ಅದು, ಅಮೆರಿಕ ಮತ್ತು ಥಾಯ್ಲೆಂಡಿನವರು ಸೇರಿ ಮಾಡಿದ್ದು. ರೀಸಸ್ ಮಂಗಗಳಿಗೆ ಡೆಂಗಿ 2ನ್ನು ಚರ್ಮಕ್ಕಲ್ಲ, ನೇರ ರಕ್ತನಾಳಕ್ಕೆ ಕೊಟ್ಟರು. ಪ್ರಮಾಣ ಒಂದು ಕೋಟಿ ವೈರಸ್. ಆಗ ಕೆಲವೇ ದಿನಗಳಲ್ಲಿ ಚರ್ಮದ ಮೇಲೆ ಕೆಂಪು ಚುಕ್ಕಿ ಬಂತು, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾಯಿತು, ರಕ್ತ ಗರಣೆ ಕಟ್ಟುವ ವ್ಯವಸ್ಥೆಯೇ ತಪ್ಪಿತು. ಅದೇ ಗುಂಪಿನವರು ಮೂಳೆಯ ಮಜ್ಜೆಯನ್ನೂ ನೋಡಿದರು. ಪ್ಲೇಟ್ಲೆಟ್ ಹುಟ್ಟಿಸುವ ದೊಡ್ಡ ಕೋಶಗಳೊಳಗೇ ವೈರಸ್ ಸಿಕ್ಕಿತು. ನಮ್ಮಲ್ಲಿ ಪ್ಲೇಟ್ಲೆಟ್ ಯಾಕೆ ಇಳಿಯುತ್ತದೆ ಅನ್ನುವುದಕ್ಕೆ ಅಲ್ಲಿಂದ ಒಂದು ಬೆಳಕು ಸಿಕ್ಕಿತು.

ಹಾಗಾಗಿ ಹೀಗೆ ಹೇಳಬೇಕು: ಸೊಳ್ಳೆ ಕಚ್ಚಿ ಕಾಡಿನಲ್ಲಿ ಬರುವ ಡೆಂಗಿ ಮಂಗವನ್ನು ಮಲಗಿಸುವುದಿಲ್ಲ, ಲ್ಯಾಬಿನಲ್ಲಿ ರಕ್ತನಾಳಕ್ಕೆ ಕೋಟಿ ಸುರಿದರೆ ಚುಕ್ಕಿಗಳು ಬರುತ್ತವೆ. ಸೊಳ್ಳೆ ಯಾವತ್ತೂ ಅಷ್ಟು ಕೊಡುವುದಿಲ್ಲ.

ಕೌಲಾಲಂಪುರದಿಂದ:

ನಾನು ಉಡುಪಿ ಕಡೆಯವನು, ಹದಿನಾಲ್ಕು ವರ್ಷದಿಂದ ಮಲೇಷ್ಯಾದಲ್ಲಿ ಇದ್ದೇನೆ. ಇಲ್ಲಿ ಡೆಂಗಿ ನಮ್ಮ ಊರಿಗಿಂತ ಜಾಸ್ತಿ, ಮಂಗಗಳೂ ಜಾಸ್ತಿ. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗುಡ್ಡದಿಂದ ಉದ್ದ ಬಾಲದ ಮಂಗಗಳು ಬಾಲ್ಕನಿಗೇ ಬರುತ್ತವೆ. ನನಗೂ ನಿಮ್ಮ ಹಾಗೆಯೇ ಅನಿಸಿತ್ತು, ಅದಕ್ಕೆ ತುಂಬಾ ಹುಡುಕಿ ಓದಿದೆ.

ಮಂಗಗಳ ಡೆಂಗಿಯ ದೊಡ್ಡ ಕಥೆ ನಡೆದದ್ದೇ ಈ ದೇಶದ ಕಾಡಿನಲ್ಲಿ. ಆಲ್ಬರ್ಟ್ ರುಡ್ನಿಕ್ ಅನ್ನುವ ವಿಜ್ಞಾನಿ 1960, 70ರ ದಶಕದಲ್ಲಿ ಇಲ್ಲಿ ಕೆಲಸ ಮಾಡಿದರು. ಡೆಂಗಿ ತಾಗಿರದ ಮಂಗಗಳನ್ನು ಪಂಜರದಲ್ಲಿಟ್ಟು ದೊಡ್ಡ ಮರಗಳ ತುದಿಯ ಎತ್ತರಕ್ಕೆ ಏರಿಸಿಟ್ಟರು. ಆಗಾಗ ರಕ್ತ ತೆಗೆದು ನೋಡಿದರು. ಸುತ್ತ ಮನೆ ಇಲ್ಲ, ಊರಿಲ್ಲ, ನಮ್ಮ ಮನೆಯ ಡೆಂಗಿ ಸೊಳ್ಳೆ ಅಲ್ಲಿಲ್ಲ. ಆದರೂ ಆ ಮಂಗಗಳ ರಕ್ತದಲ್ಲಿ ಡೆಂಗಿ 1, 2 ಮತ್ತು 4 ಸಿಕ್ಕಿತು. ತಂದದ್ದು ಮರದ ತುದಿಯಲ್ಲಿ ಬದುಕುವ ಈಡಿಸ್ ನಿವಿಯಸ್ ಗುಂಪಿನ ಕಾಡು ಸೊಳ್ಳೆ. ಮರದ ಪೊಟರೆಯಲ್ಲಿ ನಿಂತ ಮಳೆನೀರಲ್ಲಿ ಅದು ಮೊಟ್ಟೆ ಇಡುತ್ತದೆ.

ಅಂದರೆ ಕಾಡಿನ ಮೇಲಂತಸ್ತಿನಲ್ಲಿ ಮಂಗ, ಸೊಳ್ಳೆ, ಮತ್ತೆ ಮಂಗ, ಹೀಗೆ ಒಂದು ಚಕ್ರ ಸದ್ದಿಲ್ಲದೆ ಓಡುತ್ತಿದೆ. ಒಂದು ಮಂಗದಲ್ಲಿ ವೈರಸ್ ಇರುವುದು ನಾಲ್ಕೈದು ದಿನ. ಅಷ್ಟರಲ್ಲಿ ಸೊಳ್ಳೆ ಕಚ್ಚಿದರೆ ಮುಂದೆ ಹೋಯಿತು, ಇಲ್ಲದಿದ್ದರೆ ಅಲ್ಲೇ ಮುಗಿಯಿತು. ಹಿಂಡಿನ ಎಲ್ಲ ಮಂಗಗಳಿಗೂ ಒಮ್ಮೆ ತಾಗಿ ಹೋದರೆ ಆ ಹಿಂಡಿನಲ್ಲಿ ವೈರಸ್ಸಿಗೆ ಜಾಗ ಇಲ್ಲ. ಹೊಸ ಮರಿಗಳು ಹುಟ್ಟಿ ಬೆಳೆಯುವ ತನಕ ಕಾಯಬೇಕು, ಅಥವಾ ಬೇರೆ ಹಿಂಡಿಗೆ ಹೋಗಬೇಕು. ಸೊಳ್ಳೆಯ ಮೊಟ್ಟೆಯೊಳಗೂ ಸ್ವಲ್ಪ ದಾಟಿಕೊಳ್ಳುತ್ತದೆ.

ಇದೇ ತರಹದ ಇನ್ನೊಂದು ಚಕ್ರ ಪಶ್ಚಿಮ ಆಫ್ರಿಕಾದಲ್ಲಿದೆ. ಸೆನೆಗಲ್ ದೇಶದ ಆಗ್ನೇಯ ಮೂಲೆಯಲ್ಲಿ ಕೆಡುಗು ಅಂತ ಒಂದು ಪ್ರದೇಶ, ಡಾಕಾರ್‌ನ ಪಾಸ್ಟರ್ ಸಂಸ್ಥೆಯವರು ದಶಕಗಳಿಂದ ಅಲ್ಲಿ ಸೊಳ್ಳೆ ಹಿಡಿಯುತ್ತಿದ್ದಾರೆ. ಅಲ್ಲಿ ಸಿಗುವುದು ಡೆಂಗಿ 2 ಮಾತ್ರ. ಕೆಂಪು ಪಟಾಸ್ ಮಂಗ, ಹಸಿರು ಮಂಗ, ಬಬೂನ್ ಇವೆಲ್ಲ ಇರುವ ಕಾಡು. ಕೆಲವು ವರ್ಷ ಏನೂ ಸಿಗುವುದಿಲ್ಲ, ಆಮೇಲೆ ಒಂದು ವರ್ಷ ಸೊಳ್ಳೆಗಳಲ್ಲಿ ಒಮ್ಮೆಲೇ ಸಿಗುತ್ತದೆ.

ನಮ್ಮ ಡೆಂಗಿ ಹುಟ್ಟಿದ್ದೂ ಇಂಥ ಕಾಡಿನಿಂದಲೇ. ಜೀನು ಹೋಲಿಸಿ ನೋಡಿದವರು ಹೇಳುವ ಪ್ರಕಾರ ಕೆಲವು ನೂರರಿಂದ ಒಂದೆರಡು ಸಾವಿರ ವರ್ಷಗಳ ಹಿಂದೆ ನಾಲ್ಕೂ ಬಗೆಗಳು ಬೇರೆಬೇರೆಯಾಗಿ ಮಂಗದ ಚಕ್ರದಿಂದ ಮನುಷ್ಯರ ಚಕ್ರಕ್ಕೆ ದಾಟಿವೆ. ಆದರೆ ತೋಟದಮನೆ ಅವರೇ, ಇಲ್ಲೇ ಮುಖ್ಯ ವಿಷಯ ಇರುವುದು. ದಾಟಿದ ಮೇಲೆ ಅದಕ್ಕೆ ಮಂಗ ಬೇಕಾಗಿಲ್ಲ. ಊರಿನ ಡೆಂಗಿ ಮತ್ತು ಕಾಡಿನ ಡೆಂಗಿ ಈಗ ಬೇರೆ ಬೇರೆ ಕವಲು. ಕಾಡಿನದ್ದು ಮನುಷ್ಯರಿಗೆ ಬಂದ ಉದಾಹರಣೆ ಇದೆ. ಇಲ್ಲೇ 2008ರಲ್ಲಿ ಒಬ್ಬರಿಗೆ ಬಂದು ರಕ್ತಸ್ರಾವದ ಡೆಂಗಿ ಆಗಿತ್ತು, ಬ್ರೂನೈಗೆ ಹೋಗಿ ಆಸ್ಟ್ರೇಲಿಯಾಕ್ಕೆ ವಾಪಸ್ ಹೋದವರೊಬ್ಬರಿಗೂ ಬಂದಿತ್ತು. ಆದರೆ ಅವು ಬೆರಳೆಣಿಕೆ. ಒಂದೇ ಕೇರಿಯಲ್ಲಿ ಮಳೆಗಾಲದಲ್ಲಿ ಆರು ಜನಕ್ಕೆ ಬಂದರೆ ಅದು ಮನುಷ್ಯನಿಂದ ಸೊಳ್ಳೆ, ಸೊಳ್ಳೆಯಿಂದ ಮನುಷ್ಯ. ಆ ಸೊಳ್ಳೆ ಹುಟ್ಟಿದ ಜಾಗ ಕೆಲವು ನೂರು ಮೀಟರಿನೊಳಗೇ ಇರುತ್ತದೆ.

ತೋಟದಮನೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ. ಹೆಂಡತಿಗೆ ಓದಿ ಹೇಳಿದೆ. ಅವಳದ್ದು ಎರಡು ಪ್ರಶ್ನೆ. ಒಂದು, ಮಂಗ ಕಚ್ಚಿ ಬಿಟ್ಟ ಪೇರಲೆ ಮಕ್ಕಳು ತಿಂದರೆ ಡೆಂಗಿ ಬರುತ್ತದೆಯೇ? ಇನ್ನೊಂದು ನಮ್ಮಿಬ್ಬರಿಗೂ ಹೆದರಿಕೆಯ ವಿಷಯ. ಎರಡನೇ ಸಲ ಡೆಂಗಿ ಬಂದರೆ ಜೋರು ಅಂತ ಎಲ್ಲರೂ ಹೇಳುತ್ತಾರೆ. ಮಂಗಗಳಿಗೂ ಎರಡನೇ ಸಲ ಜೋರಾಗುತ್ತದೆಯೇ?

ದನದ_ಡಾಕ್ಟ್ರು:

ಪೇರಲೆಯಿಂದ ಡೆಂಗಿ ಬರುವುದಿಲ್ಲ ತಂಗಿಗೆ ಹೇಳಿ. ಎಂಜಲಿನಿಂದ ಹರಡುವುದಲ್ಲ ಅದು, ಸೊಳ್ಳೆ ಬೇಕು. ಆದರೆ ಮಂಗ ಕಚ್ಚಿದ ಹಣ್ಣು ಮಕ್ಕಳಿಗೆ ಕೊಡಬೇಡಿ, ಬೇರೆ ರೋಗಗಳಿವೆ. ಮಂಗ ಮಕ್ಕಳನ್ನೇ ಕಚ್ಚಿದರೆ ಮಾತ್ರ ಆ ದಿನವೇ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಿ, ಹುಚ್ಚುನಾಯಿ ರೋಗದ ಇಂಜೆಕ್ಷನ್ ಬೇಕಾಗುತ್ತದೆ.

ಲ್ಯಾಬಿನವಳು:

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ, ಯಾಕೆಂದರೆ ಈ ಹೆದರಿಕೆಗೆ ಆಧಾರ ಸಿಕ್ಕಿದ್ದರಲ್ಲಿ ಮಂಗಗಳ ಪಾಲು ದೊಡ್ಡದು.

ಬ್ಯಾಂಕಾಕ್‌ನ ಮಕ್ಕಳಲ್ಲಿ ಹಾಲ್‌ಸ್ಟೆಡ್ ಒಂದು ವಿಚಿತ್ರ ಗಮನಿಸಿದ್ದರು. ಜೋರಾದ ಡೆಂಗಿ ಎರಡು ಗುಂಪಿಗೆ ಬರುತ್ತಿತ್ತು. ಒಂದು, ಮೊದಲೇ ಬೇರೆ ಬಗೆಯ ಡೆಂಗಿ ಆದ ಮಕ್ಕಳು. ಇನ್ನೊಂದು, ಡೆಂಗಿ ಆಗಿ ಹೋದ ತಾಯಂದಿರ ಹಸುಗೂಸುಗಳು, ಅವಕ್ಕೆ ಅದು ಮೊದಲ ಸಲವೇ ಆಗಿದ್ದರೂ. ಎರಡು ಗುಂಪಿಗೂ ಸಮಾನವಾದದ್ದು ರಕ್ತದಲ್ಲಿ ಹಳೆಯ ಪ್ರತಿಕಾಯ. ಮಗುವಿಗೆ ಅದು ತಾಯಿಯಿಂದ ಬಂದದ್ದು. ಅವರ ಅನುಮಾನ ಏನೆಂದರೆ, ಕಾಪಾಡಬೇಕಾದ ಪ್ರತಿಕಾಯವೇ ಬೇರೆ ಬಗೆಯ ವೈರಸ್ ಬಂದಾಗ ಅದನ್ನು ಸರಿಯಾಗಿ ಕಟ್ಟಿಹಾಕಲಾರದೆ, ಕೈ ಹಿಡಿದು ಬಿಳಿ ಕಣದೊಳಗೆ ಕರೆದುಕೊಂಡು ಹೋಗುತ್ತಿದೆ ಅಂತ. ಬಿಳಿ ಕಣಗಳು ಪ್ರತಿಕಾಯ ಅಂಟಿದ ವಸ್ತುವನ್ನು ನುಂಗುತ್ತವೆ, ವೈರಸ್ಸಿಗೆ ಬೇಕಾದದ್ದೂ ಅದೇ ಮನೆ.

ಇದನ್ನು ಮನುಷ್ಯರಲ್ಲಿ ಪರೀಕ್ಷಿಸುವುದು ಸಾಧ್ಯವಿಲ್ಲ. ಅವರು 1979ರಲ್ಲಿ ರೀಸಸ್ ಮಂಗಗಳಿಗೆ ಡೆಂಗಿ ಆದವರ ಪ್ರತಿಕಾಯ ಕೊಟ್ಟು, ಆಮೇಲೆ ಡೆಂಗಿ 2 ಕೊಟ್ಟರು. ಬರೀ ಡೆಂಗಿ ಕೊಟ್ಟ ಮಂಗಗಳಿಗೆ ಹೋಲಿಸಿದರೆ ಪ್ರತಿಕಾಯ ಪಡೆದ ಮಂಗಗಳ ರಕ್ತದಲ್ಲಿ ವೈರಸ್ ಸುಮಾರು 3ರಿಂದ 50 ಪಟ್ಟು ಏರಿತು. 2007ರಲ್ಲಿ ಬೇರೆ ತಂಡ ಒಂದೇ ಬಗೆಯ ಶುದ್ಧ ಪ್ರತಿಕಾಯ ಇಟ್ಟುಕೊಂಡು ಮಾಡಿದಾಗ 100 ಪಟ್ಟಿನ ತನಕ ಹೋಯಿತು.

ಆದರೆ ನೋಡಿ, ಅಷ್ಟೆಲ್ಲ ಏರಿದರೂ ಆ ಮಂಗಗಳು ಮಲಗಲಿಲ್ಲ. ರಕ್ತನಾಳದಿಂದ ನೀರು ಸೋರಿ ಬಿಪಿ ಇಳಿಯುವುದು, ನಮ್ಮ ಮಕ್ಕಳನ್ನು ಕೊಲ್ಲುವ ಆ ಹಂತ, ಅವಕ್ಕೆ ಬರಲೇ ಇಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಎರಡನೇ ಸಲ ವೈರಸ್ ಜಾಸ್ತಿ ಆಗಬಹುದು, ಕಾಯಿಲೆ ಜೋರಾಗುವುದು ಮನುಷ್ಯರಲ್ಲಿ.

ಮಗಳ ಬಗ್ಗೆ ಹೆದರಿಕೊಂಡು ಕೂರಬೇಡಿ. ಎರಡನೇ ಸಲ ಬಂದವರಲ್ಲೂ ಹೆಚ್ಚಿನವರಿಗೆ ಜೋರಾಗುವುದಿಲ್ಲ. ಒಂದು ಮಾತ್ರ ನೆನಪಿಡಿ. ಮುಂದೆ ಯಾವಾಗ ಡೆಂಗಿ ಅನುಮಾನ ಬಂದರೂ ಮೊದಲು ಒಮ್ಮೆ ಆಗಿದೆ ಅಂತ ಡಾಕ್ಟರಿಗೆ ಹೇಳಿ. ಜ್ವರ ಬಿಡುವ ಹೊತ್ತಲ್ಲೇ ಜಾಸ್ತಿ ಕಣ್ಣಿಡಿ: ಹೊಟ್ಟೆ ನೋವು, ಬಿಡದ ವಾಂತಿ, ಒಸಡಲ್ಲಿ ರಕ್ತ, ಮಂಪರು ಇದ್ದರೆ ತಕ್ಷಣ ಹೊರಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ.

ಪುತ್ತೂರಿನ_ಮೇಷ್ಟ್ರು:

ನನಗೆ ಒಂದು ಬೇಸರದ ಪ್ರಶ್ನೆ. ಮಂಗಕ್ಕೆ ಕಾಯಿಲೆಯೇ ಬರುವುದಿಲ್ಲ ಅಂದರೆ ಡೆಂಗಿ ಲಸಿಕೆಯನ್ನು ಮಂಗಗಳ ಮೇಲೆ ಪರೀಕ್ಷೆ ಮಾಡಿ ಏನು ಪ್ರಯೋಜನ? ಫಿಲಿಪ್ಪೀನ್ಸ್‌ನಲ್ಲಿ ಶಾಲಾ ಮಕ್ಕಳಿಗೆ ಕೊಟ್ಟು ಆಮೇಲೆ ನಿಲ್ಲಿಸಿದರಲ್ಲ, ಅದು ಮೊದಲೇ ಗೊತ್ತಾಗಬೇಕಿತ್ತು ಅಲ್ವಾ? ನಾನೂ ಶಾಲೆಯಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ ಲಸಿಕೆ ಹಾಕಿಸಿದವನು. ಆ ಮೇಷ್ಟ್ರುಗಳ ಜಾಗದಲ್ಲಿ ನಿಂತು ಯೋಚಿಸಿದರೆ ಹೊಟ್ಟೆ ಸಂಕಟ ಆಗುತ್ತದೆ.

ಲ್ಯಾಬಿನವಳು:

ಮೇಷ್ಟ್ರೇ, ನೀವು ಮುಟ್ಟಿದ್ದು ಸರಿಯಾಗಿ ನೋವಿರುವ ಜಾಗವನ್ನೇ.

ನೀವು ಹೇಳಿದ ಆ ಲಸಿಕೆಯ ಹೆಸರು ಡೆಂಗ್‌ವ್ಯಾಕ್ಸಿಯಾ, ಅದನ್ನು ಮಂಗಗಳ ಮೇಲೂ ನೋಡಿದ್ದರು. ಲಸಿಕೆ ಕೊಟ್ಟು, ಆಮೇಲೆ ನಿಜವಾದ ಡೆಂಗಿ ವೈರಸ್ ಕೊಟ್ಟಾಗ ಹೆಚ್ಚಿನ ಮಂಗಗಳ ರಕ್ತಕ್ಕೆ ವೈರಸ್ ಬರಲಿಲ್ಲ. ಒಳ್ಳೆಯ ಫಲಿತಾಂಶವೇ. ಆದರೆ ಮಂಗ ಹೇಳಬಲ್ಲದ್ದು ಅಷ್ಟೇ, ರಕ್ತಕ್ಕೆ ವೈರಸ್ ಬಂತೋ ಇಲ್ಲವೋ, ಪ್ರತಿಕಾಯ ಎದ್ದಿತೋ ಇಲ್ಲವೋ. ಎರಡು ಮೂರು ವರ್ಷ ಕಳೆದು, ಲಸಿಕೆಯ ಬಲ ಇಳಿದ ಮೇಲೆ, ಬೇರೆ ಬಗೆ ಬಂದು ಆಸ್ಪತ್ರೆಗೆ ಸೇರುವಷ್ಟು ಜೋರಾಗುತ್ತದೆಯೇ ಅನ್ನುವುದನ್ನು ಅದು ಹೇಳಲಾರದು. ಅದಕ್ಕೆ ಆ ಕಾಯಿಲೆಯೇ ಬರುವುದಿಲ್ಲವಲ್ಲ.

ಫಿಲಿಪ್ಪೀನ್ಸ್ 2016ರ ಏಪ್ರಿಲ್‌ನಲ್ಲಿ ಶುರು ಮಾಡಿತು, 8 ಲಕ್ಷಕ್ಕೂ ಜಾಸ್ತಿ ಮಕ್ಕಳಿಗೆ ಕೊಟ್ಟಿತು. 2017ರ ನವೆಂಬರ್‌ನಲ್ಲಿ ತಯಾರಿಸಿದ ಕಂಪನಿಯೇ ಹೇಳಿತು, ಮೊದಲು ಒಮ್ಮೆಯೂ ಡೆಂಗಿ ಆಗದವರಿಗೆ ಈ ಲಸಿಕೆ ಕೊಟ್ಟರೆ ಮುಂದೆ ಬರುವ ಡೆಂಗಿ ಜೋರಾಗಬಹುದು ಅಂತ. ಲಸಿಕೆಯೇ ಅವರ ಮೈಗೆ ಮೊದಲ ಡೆಂಗಿಯ ಹಾಗೆ ಆಯಿತು, ನಿಜವಾದ ಮೊದಲ ಡೆಂಗಿ ಎರಡನೆಯದರ ಹಾಗೆ. ಹಾಲ್‌ಸ್ಟೆಡ್ ಅದಕ್ಕೂ ಮುಂಚೆಯೇ ಎಚ್ಚರಿಸಿದ್ದರು. ಕೇಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಮಂಗಗಳ ಪರೀಕ್ಷೆ ದಂಡ ಅಲ್ಲ. ಇಲಿಗಳು ಇನ್ನೂ ಕಷ್ಟ, ಸಾಮಾನ್ಯ ಇಲಿಗೆ ಡೆಂಗಿ ಹತ್ತುವುದೇ ಇಲ್ಲ, ಇಂಟರ್‌ಫೆರಾನ್ ವ್ಯವಸ್ಥೆ ಕಿತ್ತುಹಾಕಿದ ವಿಶೇಷ ಇಲಿ ಬೇಕು. ಕೊನೆಗೆ ನಂಬಬೇಕಾದದ್ದು ಜನರಲ್ಲಿ ತಾಳ್ಮೆಯಿಂದ, ವರ್ಷಗಟ್ಟಲೆ ನೋಡುವುದನ್ನು. ನಮ್ಮ ದೇಶದ ಡೆಂಗಿಆಲ್ ಲಸಿಕೆಯ ಮೂರನೇ ಹಂತ 2024ರ ಆಗಸ್ಟ್‌ನಲ್ಲಿ ಶುರುವಾಯಿತು, ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಪ್ಯಾನೇಸಿಯಾ ಕಂಪನಿ ಸೇರಿ 10,335 ಜನರ ಮೇಲೆ ನೋಡುವ ಯೋಜನೆ. ಅದರಲ್ಲೂ ನಾನು ಮೊದಲು ಓದುವುದು ಮುಂಚೆ ಡೆಂಗಿ ಆಗದವರಲ್ಲಿ ಏನಾಯಿತು ಅನ್ನುವ ಸಾಲನ್ನೇ.

ದನದ_ಡಾಕ್ಟ್ರು:

ತೋಟದಮನೆಯವರ ಮೂಲ ಪ್ರಶ್ನೆಯಲ್ಲಿ ಮಂಗನ ಕಾಯಿಲೆ ಇತ್ತು. ಅದರ ಬಗ್ಗೆ ಯಾರೂ ಬರೆದಿಲ್ಲ. ನಾನು ಸೊರಬ, ಸಾಗರದ ಕಡೆ ತುಂಬಾ ವರ್ಷ ಕೆಲಸ ಮಾಡಿದ್ದೇನೆ.

ಡೆಂಗಿ ವೈರಸ್ಸೂ ಮಂಗನ ಕಾಯಿಲೆಯ ವೈರಸ್ಸೂ ಒಂದೇ ಕುಟುಂಬದವು. ಆದರೆ ಮಂಗದ ಮೈಯಲ್ಲಿ ಎರಡರ ನಡೆ ಪೂರ್ತಿ ಬೇರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಯವರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಮಂಗ ಸಾಯುತ್ತಿದೆ, ಜನಕ್ಕೆ ಜ್ವರ ಇದೆ ಅಂದಾಗ ಮೊದಲು ಬಂದ ಹೆದರಿಕೆ ಹಳದಿ ಜ್ವರ ಭಾರತಕ್ಕೆ ಬಂತೇ ಅಂತ. ಹುಡುಕಿದಾಗ ಸಿಕ್ಕಿದ್ದು ಯಾರೂ ಕಂಡಿರದ ಹೊಸ ವೈರಸ್, ಹರಡುತ್ತಿದ್ದದ್ದು ಸೊಳ್ಳೆ ಅಲ್ಲ, ಪ್ರಾಣಿಗಳ ಮೈಗೆ ಅಂಟಿ ರಕ್ತ ಹೀರುವ ಉಣುಗು.

ಈ ಕಾಯಿಲೆ ಬಂದ ಮಂಗ, ಮುಸಿಯ (ಕಪ್ಪು ಮೂತಿಯ ಉದ್ದ ಬಾಲದ ಲಂಗೂರ) ಎರಡೂ ನಿತ್ರಾಣ ಆಗುತ್ತವೆ. ತಿನ್ನುವುದು ಬಿಡುತ್ತವೆ, ಹಿಂಡಿನಿಂದ ಹಿಂದೆ ಬೀಳುತ್ತವೆ. ಸತ್ತ ಮೇಲೆ ಕೊಯ್ದು ನೋಡಿದರೆ ಹೊಟ್ಟೆ ಕರುಳಲ್ಲಿ ರಕ್ತ ಸೋರಿದ್ದು ಕಾಣುತ್ತದೆ. ಸತ್ತ ಮಂಗದ ಮೈ ತಣ್ಣಗಾದ ಹಾಗೆ ಉಣುಗುಗಳು ಇಳಿದು ಸುತ್ತಲಿನ ದರಕಿಗೆ ಸೇರುತ್ತವೆ. ನಿಮ್ಮ ಅಪ್ಪ ಹೇಳಿದ್ದು ಅದಕ್ಕೇ, ಅವರ ಮಾತು ನೂರಕ್ಕೆ ನೂರು ಸರಿ. ಮಂಗ ಸತ್ತ ಜಾಗದ ಸುತ್ತ 50 ಮೀಟರ್ ಕೀಟನಾಶಕ ಪುಡಿ ಹಾಕಿಸುತ್ತಿದ್ದದ್ದೂ ಇದೇ ಕಾರಣಕ್ಕೆ.

ಹಳದಿ ಜ್ವರದಲ್ಲೂ ಇಂಥದ್ದೇ ಕಥೆ ಇದೆ. ಆಫ್ರಿಕಾದ ಮಂಗಗಳು ಆ ವೈರಸ್ ಜೊತೆ ಬಹಳ ಕಾಲದಿಂದ ಬದುಕಿವೆ, ಅವಕ್ಕೆ ಹೆಚ್ಚೇನೂ ಆಗುವುದಿಲ್ಲ. ಅಮೆರಿಕ ಖಂಡಕ್ಕೆ ಅದು ಹೋದದ್ದು ಗುಲಾಮರ ಹಡಗುಗಳ ಕಾಲದಲ್ಲಿ. ಅಲ್ಲಿಯ ಹೌಲರ್ ಮಂಗಗಳು ಈಗಲೂ ಸಾಯುತ್ತವೆ, 2016-17ರಲ್ಲಿ ಬ್ರೆಜಿಲ್‌ನಲ್ಲಿ ಸಾವಿರಗಟ್ಟಲೆ ಸತ್ತವು. ಅಲ್ಲೂ ಜನ ಮಂಗಗಳೇ ರೋಗ ತಂದವು ಅಂತ ಹೊಡೆದು ಕೊಂದರು. ಆದರೆ ಸತ್ತ ಮಂಗವೇ ರೋಗ ಬಂದಿದೆ ಅಂತ ಊರಿಗೆ ಮೊದಲು ಸುದ್ದಿ ಕೊಡುವುದು. ಅದನ್ನು ಕೊಂದರೆ ಸುದ್ದಿಯೂ ಇಲ್ಲ.

ಈಗ ನಿಮ್ಮ ವಿಷಯ. ಹಿಡಿಯುವವರನ್ನು ಕರೆಸಬೇಡಿ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಮಂಗ ಹಿಡಿಯುವುದು ಅಪರಾಧ. ಅದಕ್ಕಿಂತ ದೊಡ್ಡದು, ನಮ್ಮ ಸೀಮೆಯ ಮಂಗದ ಮೈಯಲ್ಲಿ ಉಣುಗು ಇರುತ್ತದೆ. ಇಲ್ಲಿಂದ ಹಿಡಿದು ಇನ್ನೊಂದು ಕಾಡಿಗೆ ಬಿಟ್ಟರೆ ಡೆಂಗಿ ಇಲ್ಲಿಂದ ಹೋಗುವುದಿಲ್ಲ, ಮಂಗನ ಕಾಯಿಲೆ ಅಲ್ಲಿಗೆ ಹೋಗಬಹುದು. ಡಿಸೆಂಬರ್‌ನಿಂದ ಮೇ ತನಕ ಎಲ್ಲಾದರೂ ಮಂಗ ಸತ್ತದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೋ ನಮ್ಮ ಇಲಾಖೆಗೋ ಫೋನ್ ಮಾಡಿ. ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಜೂನ್‌ನಿಂದ ಮಳೆ ಮುಗಿಯುವ ತನಕ ಜ್ವರ ಬಂದರೆ ಮೊದಲು ಡೆಂಗಿ ಅನುಮಾನಿಸಿ.

ಪುತ್ತೂರಿನ_ಮೇಷ್ಟ್ರು:

ತೋಟದವರಿಗೆ ಒಂದು ಮಾತು ನನ್ನದೂ ಇರಲಿ. ನಮ್ಮ ಕಡೆ ಡೆಂಗಿ ಜೋರಾದಾಗ ಆರೋಗ್ಯ ಇಲಾಖೆಯವರು ಬಂದು ಮೊದಲು ನೋಡಿದ್ದು ಬಿದ್ದ ಅಡಿಕೆ ಹಾಳೆಗಳನ್ನು. ಹಾಳೆ ದೋಣಿಯ ಹಾಗೆ ಬಿದ್ದು ನೀರು ಹಿಡಿಯುತ್ತದೆ. ರಬ್ಬರ್ ತೋಟದಲ್ಲಿ ಹಾಲು ಹಿಡಿಯುವ ಚಿಪ್ಪು. ಹುಲಿಸೊಳ್ಳೆ, ಅಂದರೆ ಈಡಿಸ್ ಆಲ್ಬೊಪಿಕ್ಟಸ್, ಅಂಥ ನೀರಲ್ಲೇ ಮರಿ ಮಾಡುತ್ತದೆ. ಮನೆಯೊಳಗಿನ ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಕೆಳಗಿನ ತಟ್ಟೆಯಲ್ಲಿ ಮನೆಯ ಡೆಂಗಿ ಸೊಳ್ಳೆ, ಅಂದರೆ ಈಡಿಸ್ ಈಜಿಪ್ಟೈ. ವಾರಕ್ಕೊಮ್ಮೆ ಎಲ್ಲ ಮಗುಚಿ ಹಾಕಿ. ಮೊಟ್ಟೆಯಿಂದ ಸೊಳ್ಳೆ ಆಗಲು ಹೆಚ್ಚುಕಡಿಮೆ ಒಂದು ವಾರ ಬೇಕು.

ತೋಟದಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಪಕ್ಕದ ತೋಟದವರನ್ನು ಕರೆದು ನೀವು ಬರೆದದ್ದನ್ನೆಲ್ಲ ಓದಿ ಹೇಳಿದೆ. ಅವರು ಒಮ್ಮೆಗೇ ಒಪ್ಪಲಿಲ್ಲ. ಮಂಗ ಕಾಯಿಲೆ ಬೀಳದೆ ರೋಗ ಇಟ್ಟುಕೊಳ್ಳುತ್ತದೆ ಅಂದಮೇಲೆ ಇನ್ನೂ ಅಪಾಯ ಅಲ್ಲವೇ ಅಂತ ಕೇಳಿದರು. ನಾಲ್ಕೈದು ದಿನದ ಲೆಕ್ಕ ಹೇಳಿದೆ, ನಮ್ಮ ಕೇರಿಯ ಆರು ಮನೆಗಳೂ ಒಂದರ ಪಕ್ಕ ಒಂದು ಇರುವುದನ್ನು ತೋರಿಸಿದೆ. ಮಂಗನ ಕಾಯಿಲೆಯ ಉಣುಗು ಬೇರೆ ಊರಿಗೆ ಹೋಗುತ್ತದೆ ಅಂದಾಗ ಸುಮ್ಮನಾದರು. ಅವರ ತಂಗಿಯನ್ನು ಕೊಟ್ಟದ್ದು ಘಟ್ಟದ ಆ ಕಡೆಯ ಊರಿಗೇ.

ಆಮೇಲೆ ಇಬ್ಬರೂ ಕೊಟ್ಟಿಗೆ ಹಿಂದೆ ಹೋದೆವು. ದನಕ್ಕೆ ಹಾಕಲು ಅಂತ ರಾಶಿ ಹಾಕಿದ್ದ ಹಾಳೆಗಳು ಜೂನ್‌ನಿಂದ ಅಲ್ಲೇ ಇವೆ. ಮೇಲಿನ ನಾಲ್ಕು ಒಣಗಿದ್ದವು. ಐದನೆಯದನ್ನು ಎತ್ತಿದರೆ ಅರ್ಧ ಲೋಟದಷ್ಟು ನೀರು, ಅದರ ತುಂಬ ಹುಳ ಮೇಲೆ ಕೆಳಗೆ ಆಡುತ್ತಿತ್ತು. ಮಗಳು ಓದುವ ಕೋಣೆಯ ಕಿಟಕಿ ಅಲ್ಲಿಂದ ಇಪ್ಪತ್ತು ಹೆಜ್ಜೆ. ಮಧ್ಯಾಹ್ನದ ಹೊತ್ತಿಗೆ ರಾಶಿ ಪೂರ್ತಿ ಮಗುಚಿದೆವು. ನಾಳೆ ಅವರ ಕಡೆಯದು.